ಮೇಲೆ, ಬಲ, ಬಲ, ಕೆಳಗೆ

ಜೂನ್ ೬

ತಮ್ಮಾ,

ಈ ಕಾಗದ ಕೈಗೆ ಸಿಕ್ಕಾಗ ಮನೆಯಲ್ಲಿ ಕೂತಿದ್ದರೆ ಓದು. ಡ್ಯೂಟಿಯಲ್ಲಿದ್ದರೆ ಜೇಬಿಗೆ ಹಾಕಿಕೊ, ಸಿಗ್ನಲ್ಲಿನಲ್ಲಿ ಬಿಚ್ಚಬೇಡ. ಅಕ್ಕ ಯಾಕೆ ಫೋನ್ ಮಾಡುವುದಿಲ್ಲ ಎಂದು ನಿನ್ನ ಹೆಂಡತಿ ಮತ್ತೆ ಕೇಳಿ ಕಳಿಸಿದ್ದಾಳೆ. ನಾನು ಮಾಡುವ ಹೊತ್ತಿಗೆ ನೀನು ಸ್ಟೇರಿಂಗ್ ಹಿಡಿದಿದ್ದರೆ? ಗಂಟೆ ಹೊಡೆಯಿತು ಎಂದು ಒಂದು ಕ್ಷಣ ಜೇಬಿನ ಕಡೆ ನೋಡಿದರೆ? ಆ ಕ್ಷಣದಲ್ಲಿ ಎದುರಿಗೆ ಯಾರಿರುತ್ತಾರೋ. ನಿನ್ನ ಭಾವ ಹೋದ ಮೇಲೆ ಗಾಡಿ ಓಡಿಸುವ ಯಾರಿಗೂ ನಾನು ಫೋನ್ ಮಾಡಿಲ್ಲ, ಮಾಡುವುದೂ ಇಲ್ಲ. ಕಾಗದವಾದರೆ ಸದ್ದು ಮಾಡುವುದಿಲ್ಲ, ಬಿದ್ದಲ್ಲಿ ಬಿದ್ದಿರುತ್ತದೆ.

ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು ಬರೆದದ್ದು, ಹಿಂದುಮುಂದಾದರೆ ನಗಬೇಡ. ರಸ್ತೆ ಕಾನೂನನ್ನು ತಿದ್ದುತ್ತಾರಂತೆ. ಅಜಾಗರೂಕತೆಯಿಂದ ಗಾಡಿ ಓಡಿಸಿ ಜೀವ ತೆಗೆದವರಿಗೆ ಈಗ ಇರುವುದು ಹೆಚ್ಚೆಂದರೆ ಎರಡು ವರ್ಷ. ಅದನ್ನು ಹತ್ತು ಮಾಡಬೇಕೋ ಬೇಡವೋ ಎಂದು ಜನರನ್ನು ಕೇಳಲು ಒಂದು ಸಮಿತಿ ಊರೂರು ತಿರುಗುತ್ತಿದೆ. ನಮ್ಮೂರಿಗೆ ಆಗಸ್ಟಿನಲ್ಲಿ ಬರುತ್ತದೆ. ಮನೆಯವರನ್ನು ರಸ್ತೆಯಲ್ಲಿ ಕಳೆದುಕೊಂಡವರದ್ದೇ ಒಂದು ಸಂಘವಿದೆ. ಅದರ ವಕೀಲಮ್ಮ ನಮ್ಮ ಹೊಲಿಗೆ ಶೆಡ್ಡಿಗೇ ಬಂದುಬಿಟ್ಟರು. "ನೀವು ಮಾತಾಡ್ಲೇಬೇಕಮ್ಮ. ನಿಮ್ಮ ಯಜಮಾನ್ರು ರಸ್ತೆಗೆ ಬಿಳಿ ಗೆರೆ ಬಳೀತಾ ಇದ್ದಾಗ್ಲೇ ವ್ಯಾನು ಹೊಡೆದಿದ್ದು. ನಿಮ್ಮ ಮಾತು ನಾಟುತ್ತೆ" ಎಂದರು.

ಯೋಚಿಸಿ ಹೇಳುತ್ತೇನೆ ಎಂದೆ. ಮಷೀನು ತುಳಿಯುತ್ತಾ ಕೂತೆ.

ನಿನ್ನನ್ನು ಕೇಳಬೇಕಾದದ್ದು ಒಂದೇ. ರಸ್ತೆ ಕೆಲಸದವರಿಗೆ ನಾವು ಹೊಲಿಯುವ ಕಿತ್ತಳೆ ಬಣ್ಣದ ಜಾಕೆಟ್ ಇದೆಯಲ್ಲ, ಅದರ ಮೇಲಿನ ಹೊಳೆಯುವ ಪಟ್ಟಿ ಡ್ರೈವರ್‌ಗೆ ಎಷ್ಟು ದೂರದಿಂದ ಕಾಣುತ್ತದೆ? ಸಂಜೆ, ದೀಪ ಹಾಕಿದಾಗ. ಸುಮ್ಮನೆ ಕೇಳಿದೆ. ಮಗಳ ಕೆಮ್ಮು ಹೇಗಿದೆ?

ಅಕ್ಕ


ಜೂನ್ ೨೧

ಅಕ್ಕಾ,

ಸಿಗ್ನಲ್ಲಿನಲ್ಲಿ ಬಿಚ್ಚಲಿಲ್ಲ, ನಿನ್ನಾಣೆ. ಡಿಪೋದ ಬೆಂಚಿನ ಮೇಲೆ ಕೂತು ಓದಿದೆ. ಓದಿದೆ ಎಂದರೆ ಹೆಣಗಾಡಿದೆ. ನಿನ್ನ ಅಕ್ಷರಗಳೋ, ಇರುವೆ ಮೆರವಣಿಗೆ ಹೊರಟ ಹಾಗಿವೆ. ಮುಂದಿನ ಸಲ ದಪ್ಪಗೆ ಬರೆ ತಾಯೀ. ಹಾಳೆ ಉಳಿಸಿ ಯಾವ ಮಹಡಿ ಮನೆ ಕಟ್ಟಬೇಕು ನೀನು?

ನಮ್ಮ ಯೂನಿಯನ್ನಿನಲ್ಲೂ ಈಗ ಅದೇ ಮಾತು. ಮೊನ್ನೆ ಗೇಟ್ ಮೀಟಿಂಗ್ ಆಯಿತು. ನನ್ನ ಬಸ್ಸಿನ ಕಂಡಕ್ಟರ್ ಗೊತ್ತಲ್ಲ, ಅವನ ಗಂಟಲಿಗೆ ಹೆದರಿ ಎಲ್ಲರೂ ಮೈಕಾಸುರ ಎಂದು ಕರೆಯುತ್ತಾರೆ, ಅವನು ಡ್ರಮ್ಮಿನ ಮೇಲೆ ಹತ್ತಿ ಕೂಗಿದ: "ಬೆಳಿಗ್ಗೆ ಹೆಂಡ್ತಿಗೆ ಹೋಗ್ಬರ್ತೀನಿ ಅಂತಾ ಇದ್ವಿ. ಇನ್ಮೇಲೆ ಹತ್ತು ವರ್ಷ ಬಿಟ್ಟು ಬರ್ತೀನಿ ಅನ್ಬೇಕೇನ್ರೋ?" ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ತಟ್ಟಿದ ಮೇಲೆ ಭಾವನ ನೆನಪಾಗಿ ಕೈ ಜೇಬಿಗೆ ಹಾಕಿಕೊಂಡೆ.

ನೀನು ಹೋಗಬೇಡ ಅಕ್ಕ. ಬೇರೆಯವರು ಬರೆದುಕೊಟ್ಟದ್ದನ್ನು ಓದಿಸುತ್ತಾರೆ, ಫೋಟೋ ತೆಗೆಯುತ್ತಾರೆ. ಆಮೇಲೆ ಅವರ ದಾರಿ ಅವರಿಗೆ, ನಿನ್ನ ನೋವು ನಿನಗೆ.

ಪಟ್ಟಿಯ ವಿಷಯ ಕೇಳಿದೆ. ದೀಪ ಬಿದ್ದರೆ ಬೆಕ್ಕಿನ ಕಣ್ಣಿನ ಹಾಗೆ ಹೊಳೆಯುತ್ತದೆ. ರಸ್ತೆ ನೇರವಾಗಿದ್ದರೆ ಬಲು ದೂರದಿಂದಲೇ ಗೊತ್ತಾಗುತ್ತದೆ. ಯಾಕೆ, ಶೆಡ್ಡಿನ ಮೇಲೆ ಯಾರಾದರೂ ದೂರು ಕೊಟ್ಟರೇ?

ಮಗಳಿಗೆ ಕೆಮ್ಮು ಹೋಗಿದೆ. ಈಗ ಬಾಯಿ ಬಂದಿದೆ.

ತಮ್ಮ


ಜುಲೈ ೩

ತಮ್ಮಾ,

ದಪ್ಪಗೆ ಬರೆದಿದ್ದೇನೆ, ನೋಡು. ನನ್ನ ಓದಿನ ಮೇಲೆ ನಿನಗೆ ಚಿಕ್ಕಂದಿನಿಂದಲೂ ತಮಾಷೆ. ಇರಲಿ ಬಿಡು, ಅಭ್ಯಾಸವಾಗಿದೆ.

ಬಲು ದೂರದಿಂದ ಕಾಣುತ್ತದೆ ಎಂದೆಯಲ್ಲ, ಆ ಮಾತು ಓದಿದ ಮೇಲೆ ಊಟ ಸೇರುತ್ತಿಲ್ಲ. ಶೆಡ್ಡಿನ ಮೇಲೆ ದೂರಿಲ್ಲ. ದೂರು ನನ್ನ ಮೇಲೆಯೇ. ಇದನ್ನು ನಾನು ಯಾರಿಗೂ ಹೇಳಿಲ್ಲ, ನಿನಗೂ ಹೇಳಬಾರದೆಂದಿದ್ದೆ.

ನಿನ್ನ ಭಾವ ಹಾಕಿಕೊಂಡಿದ್ದ ಜಾಕೆಟ್ ನಾನೇ ಮನೆಯಲ್ಲಿ ಹೊಲಿದದ್ದು. ಹಳೆಯದು ಹರಿದಿತ್ತು. ಆಗ ಶೆಡ್ಡಿನಲ್ಲಿ ಅಗಲ ಪಟ್ಟಿಯ ಸುರುಳಿ ಮುಗಿದು ಹೊಸದು ಬಂದಿರಲಿಲ್ಲ. ಕತ್ತರಿಸಿ ಬಿಸಾಡಿದ ತುಂಡುಗಳನ್ನು ತಂದು, ಒಂದಕ್ಕೊಂದು ಕೂಡಿಸಿ ಹೊಲಿದೆ. ಅವರು ಅದನ್ನು ತೊಟ್ಟು ಕನ್ನಡಿ ಮುಂದೆ ತಿರುಗಿ, "ಹೇಗಿದೀನಿ? ಮದುವೆ ಗಂಡಿನ ಥರ ಇಲ್ವಾ?" ಎಂದಿದ್ದರು. ಆ ವಾರವೇ ಹೋದರು.

ಕೋರ್ಟಿನಲ್ಲಿ ಆ ವ್ಯಾನಿನ ಮುದುಕ ಡ್ರೈವರ್ ಕೈಕಟ್ಟಿ ನಿಂತು ಹೇಳಿದ್ದು ಒಂದೇ ಮಾತು. "ಕಾಣಲಿಲ್ಲ ಸ್ವಾಮಿ. ಆಣೆಗೂ ಕಾಣಲಿಲ್ಲ." ಅಲ್ಲಿದ್ದವರೆಲ್ಲ ಸುಳ್ಳ ಎಂದು ಬೈದುಕೊಂಡರು, ನೀನೂ ಬೈದೆ. ನಾನೊಬ್ಬಳು ನಂಬಿದೆ. ನಾನು ಕೂಡಿಸಿದ ತುಂಡು ಪಟ್ಟಿ ಹೊಳೆದಿರಲಿಕ್ಕಿಲ್ಲ, ಅದಕ್ಕೇ ಕಾಣಲಿಲ್ಲ ಎಂದುಕೊಂಡೆ. ಅವನಿಗೆ ಆರು ತಿಂಗಳು ಜೈಲಾಯಿತು, ಹೊರಗೆ ಬಂದ. ನಾನು ಇನ್ನೂ ಬಂದಿಲ್ಲ. ಈಗಲೂ ಪ್ರತಿ ಜಾಕೆಟ್ಟಿನ ಪಟ್ಟಿಯನ್ನೂ ಎಳೆದೆಳೆದು ನೋಡುತ್ತೇನೆ. "ಏನಮ್ಮ, ಅದನ್ನ ಹಸುಗೂಸಿನ ಥರ ತಡವ್ತಾ ಕೂತಿದ್ದೀಯ" ಎಂದು ಸೂಪರ್‌ವೈಸರ್ ರೇಗುತ್ತಾನೆ.

ವಕೀಲಮ್ಮ ಭಾಷಣ ಬರೆದುಕೊಟ್ಟಿದ್ದಾರೆ. ಅದರಲ್ಲಿ "ಕಾಣಲಿಲ್ಲ ಎನ್ನುವುದು ಕೊಲೆಗಾರರ ನೆಪ" ಎಂದಿದೆ. ವಾರಕ್ಕೊಮ್ಮೆ ಬಂದು ನನ್ನಿಂದ ಓದಿಸುತ್ತಾರೆ. ಅಲ್ಲಿಗೆ ಬಂದಾಗ ಮುಂದೆ ಓದಲಾಗುವುದಿಲ್ಲ.

ನೀನು ಇಷ್ಟು ವರ್ಷ ಓಡಿಸಿದವನು. ನಿಜ ಹೇಳು. ತುಂಡು ಪಟ್ಟಿ ಕಾಣುವುದಿಲ್ಲವೇ?

ಅಕ್ಕ


ಜುಲೈ ೧೪

ಅಕ್ಕಾ,

ಹುಚ್ಚೀ. ನಾಲ್ಕು ವರ್ಷದಿಂದ ಇದನ್ನು ಹೊಟ್ಟೆಯಲ್ಲಿಟ್ಟುಕೊಂಡು ಕೂತಿದ್ದೀಯಾ? ತುಂಡು ಪಟ್ಟಿಯೂ ಹೊಳೆಯುತ್ತದೆ. ಅಂಗೈಯಷ್ಟಿದ್ದರೂ ಹೊಳೆಯುತ್ತದೆ. ನಿನ್ನ ಹೊಲಿಗೆಯಲ್ಲಿ ಏನೂ ತಪ್ಪಿರಲಿಲ್ಲ.

ಬರೀ ಬಾಯಿಮಾತಿಗೆ ನೀನು ನಂಬುವವಳಲ್ಲ. ಅದಕ್ಕೆ ನಮ್ಮ ಜಾತಿಯ ಗುಟ್ಟೊಂದನ್ನು ಹೇಳುತ್ತೇನೆ. ಜಾತಿ ಎಂದರೆ ಡ್ರೈವರ್ ಜಾತಿ. ಲೈಸೆನ್ಸ್ ಹೊಸದು ಮಾಡಿಸುವಾಗ ಕಣ್ಣಿನ ಪರೀಕ್ಷೆ ಇರುತ್ತದೆ. ಗೋಡೆಯ ಮೇಲೆ ಒಂದು ಬೋರ್ಡು. ಓದು ಬಾರದವರೂ ಇರುತ್ತಾರೆ ಎಂದು ಅದರಲ್ಲಿ ಅಕ್ಷರ ಹಾಕಿಲ್ಲ. ಮೂರು ಹಲ್ಲಿನ ಬಾಚಣಿಗೆಯಂಥ ಗುರುತು, ಸಾಲುಸಾಲಾಗಿ, ಕೆಳಗಿಳಿದ ಹಾಗೆಲ್ಲ ಚಿಕ್ಕದು. ಹಲ್ಲು ಯಾವ ಕಡೆ ತಿರುಗಿದೆ ಎಂದು ಹೇಳಬೇಕು. ನಾನು ಕೆಲಸಕ್ಕೆ ಸೇರಿದಾಗ ಇದ್ದ ಬೋರ್ಡೇ ಈಗಲೂ ಇದೆ, ಎಲ್ಲ ಊರಲ್ಲೂ ಅದೇ ಅಚ್ಚು. ಹಳಬರು ಅದಕ್ಕೊಂದು ರಾಗ ಕಟ್ಟಿದ್ದಾರೆ. "ಮೇಲೆ, ಬಲ, ಬಲ, ಕೆಳಗೆ. ಎಡ, ಮೇಲೆ, ಎಡ, ಎಡ." ಹೀಗೆ ಕೊನೇ ಸಾಲಿನ ತನಕ. ಬಸ್ಸು ತೊಳೆಯುವಾಗ ಹಾಡಿಕೊಳ್ಳುತ್ತಾರೆ. ಕಣ್ಣು ಮಂಜಾಗುವ ವಯಸ್ಸಿಗೆ ಬಂದವನನ್ನು ಕೂರಿಸಿಕೊಂಡು ಚಹಾ ಕುಡಿಸಿ ಕಲಿಸುವುದು ಡಿಪೋದ ಪದ್ಧತಿ. ಡಾಕ್ಟರ ಕಡ್ಡಿ ಯಾವ ಸಾಲಿನ ಮೇಲಿದೆ ಎಂದು ಗೊತ್ತಾದರೆ ಸಾಕು, ಮಿಕ್ಕಿದ್ದು ತಾನಾಗಿ ಬಾಯಿಗೆ ಬರುತ್ತದೆ. ಮೊನ್ನೆ ನಾನೂ ಹಾಡಿ ಬಂದೆ. "ಹದ್ದಿನ ಕಣ್ಣು ಕಣ್ರೀ ನಿಮ್ದು" ಎಂದು ಡಾಕ್ಟರು ಬೆನ್ನು ತಟ್ಟಿದರು.

ಈಗ ತಿಳಿಯಿತೇ? ಆ ಮುದುಕ ಸುಳ್ಳು ಹೇಳಲಿಲ್ಲ. ಅವನೂ ಹೀಗೇ ಹಾಡಿ ಪಾಸಾದವನೇ ಇರಬೇಕು. ಅವನಿಗೆ ರಸ್ತೆಯೇ ಸರಿಯಾಗಿ ಕಾಣುತ್ತಿರಲಿಲ್ಲ, ಇನ್ನು ನಿನ್ನ ಪಟ್ಟಿ ಯಾವ ಲೆಕ್ಕ? ಚಿನ್ನದ ಪಟ್ಟಿ ಹೊಲಿದಿದ್ದರೂ ಅಷ್ಟೇ ಆಗುತ್ತಿತ್ತು.

ಇದು ನಿನ್ನ ಸಮಾಧಾನಕ್ಕೆ ಹೇಳಿದ್ದು, ಸಮಿತಿಗಲ್ಲ. ಇನ್ನಾದರೂ ಹೊಟ್ಟೆ ತುಂಬ ಉಣ್ಣು.

ತಮ್ಮ


ಜುಲೈ ೨೦

ತಮ್ಮಾ,

ನಿನ್ನ ಕಾಗದ ಓದಿ ಮೊದಲು ಅತ್ತೆ. ಅತ್ತು ಹಗುರಾಗಿ ಮಷೀನಿನ ಮೇಲೆಯೇ ತಲೆಯಿಟ್ಟು ನಿದ್ದೆ ಹೋದೆ. ಎದ್ದು ಮತ್ತೆ ಓದಿದೆ. "ನಾನೂ ಹಾಡಿ ಬಂದೆ" ಎಂದು ಬರೆದಿದ್ದೀಯ. ಮೊದಲ ಸಲ ಅದನ್ನು ದಾಟಿಕೊಂಡು ಹೋಗಿದ್ದೆ.

ನಿನ್ನ ಹಳೆಯ ಕಾಗದಗಳನ್ನೆಲ್ಲ ಹಾಸಿಗೆಯ ಮೇಲೆ ಹರಡಿದೆ. ಹೋದ ವರ್ಷದವು ಗೆರೆಯೊಳಗೆ ಕೂತಿವೆ. ಈಗಿನವು ಗೆರೆ ಬಿಟ್ಟು ಇಳಿಜಾರಿನಲ್ಲಿ ಉರುಳುತ್ತಿವೆ, ಒಂದೊಂದು ಅಕ್ಷರವೂ ಹೆಬ್ಬೆರಳಿನಷ್ಟಿದೆ. ದಪ್ಪಗೆ ಬರೆ ಎಂದದ್ದು ತಮಾಷೆಗಲ್ಲ, ಅಲ್ಲವೇ? ನನ್ನ ಓದಿಗೆ ನಗುತ್ತೀಯ ಎಂದುಕೊಂಡೆನಲ್ಲ, ಎಂಥ ಪೆದ್ದಿ ನಾನು.

ನಿನಗೆ ಎಷ್ಟು ಕಾಣುತ್ತದೆ? ಸಂಜೆ ಪಾಳಿಯೇ ಇನ್ನೂ? ಹೆಂಡತಿಗೆ ಗೊತ್ತೇ? ವಕೀಲಮ್ಮನನ್ನು ಯಾರದೋ ಮಾತೆಂಬಂತೆ ಕೇಳಿದೆ. ಓಡಿಸಲು ಆಗದು ಎಂದು ಗೊತ್ತಿದ್ದೂ ಓಡಿಸಿದರೆ ಅದನ್ನು ಅಜಾಗರೂಕತೆ ಎನ್ನುವುದಿಲ್ಲವಂತೆ. ಹೊಸ ಕಾನೂನಿನಲ್ಲಿ ಅದಕ್ಕೇ ಬೇರೆ ಕಲಮು, ಹತ್ತು ವರ್ಷವಂತೂ ಅಂಥವರಿಗೇ ಎಂದರು. ಕೇಳುತ್ತಾ ಕೇಳುತ್ತಾ ಸೂಜಿ ಬೆರಳಿಗೆ ಇಳಿದದ್ದೇ ತಿಳಿಯಲಿಲ್ಲ.

ನಿಲ್ಲಿಸಿಬಿಡು ತಮ್ಮಾ. ಟಿಕೆಟ್ ಎಣಿಸುವುದೋ, ಗೇಟು ಕಾಯುವುದೋ, ಏನಾದರೂ ಬೇರೆ ಕೇಳು. ಕೈ ಮುಗಿಯುತ್ತೇನೆ.

ಅಕ್ಕ


ಆಗಸ್ಟ್ ೧

ಅಕ್ಕ,

ಇಪ್ಪತ್ತೆರಡು ವರ್ಷ ಓಡಿಸಿದ್ದೇನೆ. ಒಂದು ನಾಯಿಗೂ ತರಚಿಲ್ಲ. ಕಣ್ಣು ಸರಿಯಿಲ್ಲ ಎಂದು ಬಾಯಿಬಿಟ್ಟವನನ್ನು ಡಿಪೋ ಮಾರನೇ ದಿನವೇ ಮನೆಗೆ ಕಳಿಸುತ್ತದೆ. ಗೇಟು ಕಾಯುವುದು ಗೀಟು ಕಾಯುವುದು ಏನೂ ಇಲ್ಲ. ಮಗಳು ಇನ್ನೂ ಕಾಲೇಜಿನಲ್ಲಿದ್ದಾಳೆ. ನನ್ನ ಕಣ್ಣು ನನಗೆ ಗೊತ್ತು.

ಸಮಿತಿಗೆ ಹೋಗುವುದು ಬಿಡುವುದು ನಿನ್ನಿಷ್ಟ. ಹಾಡಿನ ಸುದ್ದಿ ಮಾತ್ರ ಎತ್ತಬೇಡ. ಎತ್ತಿದರೆ ನನ್ನ ಕುತ್ತಿಗೆಗೇ ಬರುತ್ತದೆ. ಈ ವಿಷಯ ಇನ್ನು ಬರೆಯಬೇಡ.

ತಮ್ಮ


ಆಗಸ್ಟ್ ೨೫

ತಮ್ಮಾ,

ನಿನ್ನೆ ಸಮಿತಿಯ ಮುಂದೆ ಹೋಗಿದ್ದೆ. ಬೇರೆಯವರಿಂದ ಕೇಳುವ ಮೊದಲು ನನ್ನಿಂದಲೇ ಕೇಳು.

ದೊಡ್ಡ ಹಾಲು. ಫ್ಯಾನು ತಿರುಗುತ್ತಿತ್ತು, ಗಾಳಿ ನಮ್ಮವರೆಗೆ ಬರುತ್ತಿರಲಿಲ್ಲ. ಮೇಜಿನ ಹಿಂದೆ ಕೂತವರೂ ಬೆಳಿಗ್ಗೆಯಿಂದ ಸಾವಿನ ಮಾತನ್ನೇ ಕೇಳಿ ಸೋತುಹೋಗಿದ್ದರು. ನನಗಿಂತ ಮೊದಲು ಮಗನನ್ನು ಕಳೆದುಕೊಂಡ ಒಬ್ಬ ಮೇಷ್ಟ್ರು ಎದ್ದು, "ಹತ್ತು ಸಾಲ್ದು, ಇಪ್ಪತ್ತು ಕೊಡಿ" ಎಂದರು. ಹೇಳಿ ಕೂತ ಮೇಲೆ ತಮ್ಮ ಚಪ್ಪಲಿಯನ್ನೇ ನೋಡುತ್ತಿದ್ದರು.

ನನ್ನ ಸರದಿ ಬಂತು. ಭಾಷಣವನ್ನು ಆ ನೆಪದ ಸಾಲಿನವರೆಗೆ ಓದಿದೆ, ನಿಂತುಬಿಟ್ಟೆ. "ನೀರು ಬೇಕಾಮ್ಮ?" ಎಂದು ಸಮಿತಿಯ ಹಿರಿಯರು ಕೇಳಿದರು. ಹಾಳೆ ಮಡಿಚಿದೆ. "ಕಾಣಲಿಲ್ಲ ಅಂದಿದ್ದು ನೆಪ ಅಲ್ಲ ಸ್ವಾಮಿ. ಅವರಿಗೆ ನಿಜವಾಗ್ಲೂ ಕಾಣ್ತಿರಲಿಲ್ಲ" ಎಂದೆ. ಆಮೇಲೆ ಏನು ಬಂತೋ, ಹಾಡೇ ಬಂತು. ಮೇಲೆ, ಬಲ, ಬಲ, ಕೆಳಗೆ. ಮೂಲೆಯಲ್ಲಿ ಯಾರೋ ನಕ್ಕರು. ಬೋರ್ಡಿನ ವಿಷಯ ಹೇಳಿದಾಗ ನಗು ನಿಂತಿತು. "ಇದನ್ನ ನಿಮಗೆ ಯಾರಮ್ಮ ಹೇಳಿದ್ದು?" ಎಂದರು.

ಶೆಡ್ಡಿನಲ್ಲಿ ಯಾರೋ ಅಂದುಕೊಳ್ಳುತ್ತಿದ್ದರು ಎನ್ನಬೇಕೆಂದು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಹೋಗಿದ್ದೆ. ಬಾಯಿ ಬಿಟ್ಟರೆ "ನನ್ನ ತಮ್ಮ. ಬಸ್ ಓಡಿಸ್ತಾನೆ" ಎಂದು ಬಂತು. ಯಾವೂರು ಎಂದು ಕೇಳಿದರು, ಹೇಳಲಿಲ್ಲ. ಪತ್ತೆ ಹಚ್ಚುವವರಿಗೆ ಅದೇನು ದೊಡ್ಡ ಕೆಲಸ.

ಇನ್ನೊಂದು ಮಾತೂ ಹೇಳಿದೆ. "ಕಾಣಲ್ಲ ಅಂತ ತಾನಾಗೇ ಬಂದು ಹೇಳ್ದೋನ ಅನ್ನ ಕಿತ್ಕೋಬಾರ್ದು ಅಂತಾನೂ ಕಾನೂನಲ್ಲಿ ಬರೀರಿ. ಅದಿಲ್ದೆ ಬರೀ ಹತ್ತು ವರ್ಷ ಮಾಡಿದ್ರೆ ಹಾಡನ್ನ ಇನ್ನೂ ಚೆನ್ನಾಗಿ ಕಲೀತಾರೆ ಅಷ್ಟೆ" ಎಂದೆ. ಹಿರಿಯರು ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡರು. "ನೀವ್ ಹೇಳೋದು ಸರಿ ಇದೆ. ಆದ್ರೆ ನಮ್ಮನ್ನ ಕೇಳಿರೋದು ಶಿಕ್ಷೆ ಎಷ್ಟು ಅಂತ ಮಾತ್ರ. ಕೆಲಸದ ವಿಷಯ ಬೇರೆ ಇಲಾಖೆ. ಬೋರ್ಡಿಂದು ಬರ್ಕೊಳ್ತೀವಿ" ಎಂದರು. ಬರೆದುಕೊಂಡರು. ನಿನ್ನನ್ನು ಕಾಯುವ ಮಾತು ಬಿಟ್ಟುಹೋಯಿತು, ನಿನಗೆ ಕುತ್ತಾಗುವ ಮಾತು ಹಾಳೆಗೆ ಹತ್ತಿತು.

ವಕೀಲಮ್ಮ ತಾವು ಬರೆದ ಹಾಳೆಯನ್ನು ನನ್ನ ಕೈಯಿಂದ ತೆಗೆದುಕೊಂಡು ಮೆಟ್ಟಿಲು ಇಳಿದರು.

ನಿನ್ನ ಮಾತು ಮೀರಿದೆ. ಇನ್ನೊಬ್ಬಳು ಯಾರೋ ಹೆಂಗಸು ಕೋರ್ಟಿನಲ್ಲಿ ಕೂತು ನಿನ್ನ ಬಾಯಿಂದ "ಕಾಣಲಿಲ್ಲ ಸ್ವಾಮಿ" ಎಂದು ಕೇಳುವುದನ್ನು ನೆನೆದು ಸುಮ್ಮನಿರಲಾಗಲಿಲ್ಲ. ಬೈದು ಬರೆ. ಬೈಗುಳವಾದರೂ ನಿನ್ನ ಕೈಯದು.

ಅಕ್ಕ


ಅಕ್ಟೋಬರ್ ೩

ತಮ್ಮಾ,

ನನ್ನನ್ನು ಕಂಡರೆ ಪೋಸ್ಟ್‌ಮ್ಯಾನ್ ರಸ್ತೆಯ ಆ ಬದಿಗೆ ಹೋಗುತ್ತಾನೆ, ಇಲ್ಲ ಎಂದು ಹೇಳಿ ಹೇಳಿ ಅವನಿಗೂ ಸಾಕಾಗಿದೆ. ಭಾನುವಾರ ಪಕ್ಕದ ಮನೆಯ ಫೋನು ಹಿಡಿದು ಎಲ್ಲ ನಂಬರು ಒತ್ತಿ ಕೊನೆಯದನ್ನು ಒತ್ತಲಾರದೆ ಇಟ್ಟೆ. ರಜೆಯೋ ಡ್ಯೂಟಿಯೋ ಯಾರಿಗೆ ಗೊತ್ತು.

ನೀನು ಸಿಟ್ಟಿನಲ್ಲಿದ್ದರೆ ಪರವಾಗಿಲ್ಲ. ಸಿಟ್ಟಿನಲ್ಲಿ ಓಡಿಸುತ್ತಿದ್ದರೆ? ಪೇಪರಿನಲ್ಲಿ ನಿಮ್ಮೂರಿನ ಸುದ್ದಿ ಬಂದರೆ ಮೊದಲು ಬಸ್ಸು ಎಂಬ ಮಾತು ಇದೆಯೇ ಎಂದು ಹುಡುಕುತ್ತೇನೆ. ಇಲ್ಲದಿದ್ದರೆ ಆ ದಿನ ಮುಗಿಯಿತು.

ಒಂದು ಸಾಲು ಬರೆ. ಬರೆಯದಿದ್ದರೂ ಸರಿ, ಬರೀ ಹಾಳೆ ಕಳಿಸು.

ಅಕ್ಕ


ನವೆಂಬರ್ ೧೨

ಅಕ್ಕಾ,

ನಾನು ಹೇಳುತ್ತಿದ್ದೇನೆ, ಮಗಳು ಬರೆಯುತ್ತಿದ್ದಾಳೆ. ಅವಳ ಅಕ್ಷರ ನಿನ್ನದಕ್ಕಿಂತಲೂ ಸಣ್ಣ, ಸಹಿಸಿಕೊ.

ಆಗಸ್ಟಿನಲ್ಲಿ ನಿನ್ನ ಕಾಗದ ಬಂದಾಗ ಓದಲಾಗಲಿಲ್ಲ. ದಪ್ಪಗೇ ಬರೆದಿದ್ದೆ, ನಿನ್ನ ತಪ್ಪಿಲ್ಲ. ಮಗಳ ಕೈಗೆ ಕೊಟ್ಟೆ. ಜೋರಾಗಿ ಶುರು ಮಾಡಿದವಳು ಹಾಡಿನ ಹತ್ತಿರ ಬಂದು ದನಿ ಇಳಿಸಿದಳು. "ಅಪ್ಪಾ, ಇದು ನೀವು ಗಡ್ಡ ಕೆರ್ಕೊಳ್ಳೋವಾಗ ಗುನುಗ್ತಾ ಇರ್ತೀರಲ್ಲ, ಅದೇ ಅಲ್ವಾ?" ಎಂದಳು. ಒಳಗಿನಿಂದ ಅವಳಮ್ಮ ಕೈ ಒರೆಸಿಕೊಳ್ಳುತ್ತಾ ಬಂದು ಬಾಗಿಲಲ್ಲಿ ನಿಂತಳು. ಆಮೇಲೆ ಮನೆಯಲ್ಲಿ ಏನಾಯಿತು ಎಂದು ಬರೆಯಲು ಮಗಳು ಒಪ್ಪುತ್ತಿಲ್ಲ.

ನಿನ್ನ ಮೇಲೆ ಸಿಟ್ಟು ಬಂದಿತ್ತು. ಈಗಲೂ ಇದೆ, ಸುಳ್ಳು ಯಾಕೆ. ಆದರೆ ಒಂದು ಮಾತು ನಾನೂ ಮುಚ್ಚಿಟ್ಟಿದ್ದೆ. ಒಂದು ನಾಯಿಗೂ ತರಚಿಲ್ಲ ಎಂದು ಬರೆದೆನಲ್ಲ, ಅದರ ಹಿಂದಿನ ಸಂಜೆ ತರಕಾರಿ ಮಾರ್ಕೆಟ್ಟಿನ ತಿರುವಿನಲ್ಲಿ ಮೈಕಾಸುರ "ಬ್ರೇಕೂ!" ಎಂದು ಕಿರುಚಿದ. ತುಳಿದೆ. ಬಸ್ಸಿನವರೆಲ್ಲ ಮುಂದಕ್ಕೆ ಮುಗ್ಗರಿಸಿದರು. ಸೈಕಲ್ ತಳ್ಳಿಕೊಂಡು ಹೋಗುತ್ತಿದ್ದ ಒಬ್ಬ ಬಂಪರಿನ ಮುಂದೆ ನಿಂತಿದ್ದ. ಬಿಳಿ ಅಂಗಿ ತೊಟ್ಟಿದ್ದ ಅಕ್ಕ, ಬೆಳ್ಳಗಿತ್ತು ಅಂಗಿ. "ಏನಣ್ಣಾ, ಎದುರಿಗೇ ಇದ್ದನಲ್ಲ!" ಎಂದು ಮೈಕಾಸುರ ಕೇಳಿದ. ನನ್ನ ಬಾಯಿಂದ ಬಂದದ್ದು ಯಾವ ಮಾತು ಗೊತ್ತೇ? "ಕಾಣಲಿಲ್ಲ." ರಾತ್ರಿಯೆಲ್ಲ ಆ ಮಾತು ಬಾಯಲ್ಲಿ ಕಹಿಯಾಗಿ ಕೂತಿತ್ತು. ಬೆಳಿಗ್ಗೆ ಎದ್ದು ಆ ಸಿಟ್ಟನ್ನು ನಿನಗೆ ಬರೆದೆ. ಆಮೇಲೆಯೂ ಓಡಿಸಿದೆ.

ಹೋದ ತಿಂಗಳು ಹೊಸ ಬೋರ್ಡು ಬಂತು. ಬೋರ್ಡಲ್ಲ, ಬೆಳಕಿನ ಪರದೆ. ಒಬ್ಬೊಬ್ಬರಿಗೆ ಒಂದೊಂದು ಥರ ಗುರುತು ತಿರುಗಿಸುತ್ತದೆ. ಲೈಸೆನ್ಸ್ ಇದ್ದವರನ್ನೂ ಸರದಿಯಲ್ಲಿ ಮತ್ತೆ ಕರೆದರು, ಡಿಪೋದಲ್ಲಿ ಬಹಳ ಜನ ಬಿದ್ದರು. ಈಗ ನನಗೆ ಹಾಡು ಮಾರಿದವನು ಎಂದು ಹೆಸರು. ಚಹಾಕ್ಕೆ ಹೋದರೆ ಬೆಂಚು ಖಾಲಿಯಾಗುತ್ತದೆ. ಮೈಕಾಸುರ ಒಬ್ಬ ಕೂರುತ್ತಾನೆ. "ನಿಮ್ಮಕ್ಕನ್ನ ಕರೆಸಣ್ಣ, ಇದಕ್ಕೂ ಒಂದು ರಾಗ ಹಾಕ್ಕೊಡ್ಲಿ" ಎನ್ನುತ್ತಾನೆ.

ನನ್ನ ಸರದಿ ಬಂದಾಗ ಡಾಕ್ಟರು ಪರದೆ ಹಾಕಿದರು. ಅಭ್ಯಾಸಬಲ ನೋಡು, "ಮೇಲೆ" ಎಂಬುದು ನಾಲಿಗೆಯ ತುದಿಗೆ ಬಂತು. ನುಂಗಿದೆ. "ಕಾಣಲ್ಲ ಡಾಕ್ಟ್ರೇ" ಎಂದೆ. "ಯಾವ ಸಾಲು?" ಎಂದರು. "ಮೊದಲನೇದು ಬಿಟ್ಟು ಎಲ್ಲಾ" ಎಂದೆ. ಅವರು ಪೆನ್ನು ಕೆಳಗಿಟ್ಟು ನನ್ನನ್ನೇ ನೋಡಿದರು. ಅವರ ಮುಖವೂ ನನಗೆ ಸರಿಯಾಗಿ ಕಾಣಲಿಲ್ಲ, ಅದೇ ಒಳ್ಳೆಯದಾಯಿತು.

ಒಂದು ಕಣ್ಣಿಗೆ ಆಪರೇಷನ್ ಮಾಡಬಹುದಂತೆ, ಇನ್ನೊಂದು ಹೋದದ್ದೇ. ಬೇರೆ ಕೆಲಸ ಕೊಡಲು ನಿಯಮವಿಲ್ಲ ಎಂದು ಮ್ಯಾನೇಜರ್ ತಲೆ ಕೆರೆದುಕೊಂಡ. ಕೊನೆಗೆ ಆದೇಶ ಬರುವ ತನಕ ಇರು ಎಂದು ಡಿಪೋದ ಶೆಡ್ಡಿಗೆ ಹಾಕಿದ್ದಾನೆ. ಹಿಂದೆ ನಿಂತು ಸೀಟಿ ಊದಿ ಬಸ್ಸುಗಳನ್ನು ರಿವರ್ಸ್ ತೆಗೆಸುವುದು. ಬಸ್ಸಿನಷ್ಟು ದೊಡ್ಡದು ನನಗೆ ಇನ್ನೂ ಕಾಣುತ್ತದೆ. ಆದೇಶ ಬಂದರೆ ಅದರಲ್ಲಿ ಏನಿರುತ್ತದೋ. ನಿಮ್ಮ ಸಮಿತಿ ಹತ್ತನ್ನು ಐದು ಮಾಡಿ ಎಂದು ಬರೆದಿದೆಯಂತೆ. ಅದೂ ಮುಂದಿನ ಅಧಿವೇಶನಕ್ಕೆ ಹೋಗಿದೆಯಂತೆ. ಅನ್ನ ಕಿತ್ತುಕೊಳ್ಳಬಾರದು ಎಂಬ ನಿನ್ನ ಎರಡನೇ ಮಾತು ಅದರಲ್ಲಿ ಎಲ್ಲಿಯೂ ಇಲ್ಲ ಎಂದು ಮಗಳು ಹುಡುಕಿ ಹೇಳಿದಳು.

ಶೆಡ್ಡಿನಲ್ಲಿ ಕೊಟ್ಟ ಜಾಕೆಟ್ಟಿನ ಪಟ್ಟಿ ಪೂರಾ ಸವೆದಿದೆ. ಒಂದು ಹೊಲಿದು ಕಳಿಸು. ತುಂಡು ಪಟ್ಟಿಯಾದರೂ ಸರಿ.

ತಮ್ಮ


ನವೆಂಬರ್ ೨೦

ತಮ್ಮಾ,

ಜಾಕೆಟ್ ಕಳಿಸಿದ್ದೇನೆ. ಅಗಲ ಪಟ್ಟಿ, ಎಲ್ಲೂ ಕೂಡಿಸಿಲ್ಲ, ಹಿಂದೆ ಮುಂದೆ ಎರಡೆರಡು ಸುತ್ತು. ಸೂಪರ್‌ವೈಸರ್ ಬಂದು ನೋಡಿ ಹೋದ. ಸಂಜೆ ನಾನೇ ತೊಟ್ಟುಕೊಂಡು ಓಣಿಯ ಆ ತುದಿಯಲ್ಲಿ ನಿಂತು, ಪಕ್ಕದ ಮನೆಯಾಕೆಗೆ ಟಾರ್ಚ್ ಬಿಡಲು ಹೇಳಿದೆ. "ಕಾಣುತ್ತೇನ್ರೀ?" ಎಂದು ಕೂಗಿದೆ. "ಕಣ್ಣು ಕುಕ್ಕುತ್ತೆ, ಒಳಗೆ ಬಾರೇ ಸಾಕು" ಎಂದಳು. ಆದರೂ ಸ್ವಲ್ಪ ಹೊತ್ತು ನಿಂತಿದ್ದೆ. ನಿನ್ನ ಭಾವನಿಗೂ ಹೀಗೆ ಒಮ್ಮೆ ತೊಡಿಸಿ, ದೀಪ ಬಿಟ್ಟು ನೋಡಿಬಿಟ್ಟಿದ್ದರೆ ಆಗುತ್ತಿತ್ತು.

ಸಿಟ್ಟು ಇಳಿಯುವಾಗ ಇಳಿಯಲಿ, ಅವಸರವಿಲ್ಲ. ಆಪರೇಷನ್ನಿಗೆ ನಾನು ಬಂದು ಇರುತ್ತೇನೆ, ಹೆಂಡತಿಗೆ ಹೇಳು.

ಒಂದು ಮಾತು. ನೀನು ಸೀಟಿ ಊದಿ ಹಿಂದಕ್ಕೆ ಕರೆಯುತ್ತೀಯಲ್ಲ, ಆ ಬಸ್ಸಿನೊಳಗೆ ಕೂತವನು ಹೊಸ ಪರೀಕ್ಷೆ ಆದವನೋ, ಇನ್ನೂ ಕರೆ ಬಾರದವನೋ? ಕೇಳಿ ತಿಳಿದುಕೊ. ನಾಚಿಕೆಪಡಬೇಡ, ಒಬ್ಬೊಬ್ಬರನ್ನೂ ಕೇಳು. ಅಲ್ಲಿಯವರೆಗೆ ಬಸ್ಸಿಗೂ ಗೋಡೆಗೂ ನಡುವೆ ನಿಲ್ಲಬೇಡ. ಪಕ್ಕಕ್ಕೆ ನಿಲ್ಲು.

ಅಕ್ಕ